ಎತ್ತುವ ಮೊದಲೇ ಹಾರುವವಳು

ಅಡಿಲೇಡಿನ ಮಾಸನ್ ಲೇಕ್ಸ್ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದಾಗ, ಮೊದಲ ಚಳಿಗಾಲದಲ್ಲಿ, ಅಲ್ಲಿನ ಡಿಬೇಟ್ ಸಂಘಕ್ಕೆ ಒಂದೇ ಒಂದು ಸಲ ಹೋದೆ. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಶ್ರದ್ಧೆಯಿಂದ ಮಾಡಿದ ಕೆಲಸ ಅದೊಂದೇ. ಪಾಠಗಳನ್ನು ಪರೀಕ್ಷೆಯ ಹಿಂದಿನ ವಾರ ಓದುತ್ತಿದ್ದೆ, ವಾದಗಳನ್ನು ವರ್ಷವಿಡೀ. ಆ ಸಂಜೆ ನನ್ನ ಪಾಲಿಗೆ ಬಂದದ್ದು ವಿಷಯವನ್ನು ವಿರೋಧಿಸುವ ಪಕ್ಷ. ಗೆದ್ದೆ. ಎಲ್ಲರೂ ‘ಗುಡ್ ಆನ್ ಯು’ ಎಂದರು, ಜಾಕೆಟ್ ಏರಿಸಿಕೊಂಡರು, ಗುಂಪಾಗಿ ಎಲ್ಲಿಗೋ ಹೊರಟರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕುರ್ಚಿಗಳನ್ನು ಗೋಡೆಗೆ ಒತ್ತರಿಸುವ ಕೆಲಸ ನನಗೆ ಉಳಿಯಿತು.

ಆಗ ಪಕ್ಕದ ಹಾಲಿನಿಂದ ಧಡಾರೆಂದು ಯಾರೋ ಬಿದ್ದ ಸದ್ದು. ಅದರ ಬೆನ್ನಿಗೇ ಬಿದ್ದವರು ನಕ್ಕ ಸದ್ದು. ಬಿದ್ದವರು ಯಾಕೆ ನಗುತ್ತಾರೆ ಎಂದು ಇಣುಕಿದೆ.

ಜೂಡೋ ತರಗತಿ. ನೀಲಿ ಹಾಸಿನ ಮೇಲೆ ಜನ ಜೋಡಿಜೋಡಿಯಾಗಿ ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಿದ್ದರು. ಜೋಡಿಯಿಲ್ಲದೆ ಇದ್ದವರು ಒಬ್ಬರೇ, ಎಂಬತ್ತರ ಹತ್ತಿರದ ಒಬ್ಬ ಹೆಂಗಸು. ತೆಳ್ಳನೆಯ ಮೈ, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಸೊಂಟದಲ್ಲಿ ಕಪ್ಪು ಬೆಲ್ಟು. ಮೂಲೆಯಲ್ಲಿ ನಿಂತು, ಇಲ್ಲದ ಯಾರದೋ ಮಣಿಕಟ್ಟು ಹಿಡಿದು, ಇಲ್ಲದವರನ್ನೇ ಬೆನ್ನಿಗೇರಿಸಿಕೊಂಡು, ಮೆತ್ತಗೆ ಕೆಳಗಿಳಿಸುತ್ತಿದ್ದರು. ಇಳಿಸಿ ತಲೆಯೆತ್ತಿದಾಗ ಬಾಗಿಲಲ್ಲಿ ನಾನಿದ್ದೆ. ಅವರಾಡಿದ್ದು ಇಂಗ್ಲಿಷ್. ನನ್ನ ನೆನಪಿನಲ್ಲಿ ಅದು ಹೇಗೋ ಕನ್ನಡವಾಗಿಬಿಟ್ಟಿದೆ.

"ಬಾಗಿಲಲ್ಲಿ ನಿಂತ್ರೆ ಕಾಲು ಮರಗಟ್ಟುತ್ತೆ. ಶೂ ಬಿಚ್ಚಿ ಒಳಗೆ ಬಾ."

"ಇಲ್ಲ ಆಂಟಿ, ಸುಮ್ನೆ ನೋಡ್ತಿದ್ದೆ."

"ನಾನು ನಿಮ್ಮಪ್ಪನ ತಂಗಿನಾ?"

"ಅಲ್ಲ."

"ಅಮ್ಮನ ಅಕ್ಕ?"

"ಅಲ್ಲ."

"ಮತ್ತೆ ಆಂಟಿ ಹೇಗಾದೆ? ಹೋಗ್ಲಿ ಬಿಡು. ನಿನ್ನ ತೂಕ ಎಷ್ಟು?"

ಊರಿನಲ್ಲಿ ಹುಡುಗಿಯ ಎತ್ತರ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಸಂಬಳವನ್ನೂ ಕೇಳುತ್ತಾರೆ. ಎದುರೆದುರೇ ತೂಕ ಕೇಳಿದವರು ಇವರೊಬ್ಬರೇ. ಹೇಳಿದೆ. ಅವರು ತರಕಾರಿ ಅಂಗಡಿಯವರ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ, ಎತ್ತಬಹುದು," ಎಂದರು.

ಅವರನ್ನು ಏನೆಂದು ಕರೆಯಬೇಕು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಹಾಲಿನಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಅಜ್ಜಿಗಿಂತ ಹಿರಿಯರನ್ನು ಹಾಗೆ ಕರೆಯಲು ನನ್ನ ನಾಲಗೆ ಒಪ್ಪಲಿಲ್ಲ. ‘ರೀ’ ಎನ್ನೋಣವೆಂದರೆ ಇಂಗ್ಲಿಷಿನಲ್ಲಿ ಅದು ಇಲ್ಲ. ಹೀಗಾಗಿ ಮಾತನಾಡಬೇಕೆನಿಸಿದಾಗಲೆಲ್ಲ ಹೋಗಿ ಅವರ ಎದುರು ನಿಲ್ಲುತ್ತಿದ್ದೆ. ಅವರು ನನ್ನನ್ನು ‘ಲವ್’ ಎನ್ನುತ್ತಿದ್ದರು. ನಾನು ಪಾರ್ಟ್ ಟೈಮ್ ಕೆಲಸಕ್ಕಿದ್ದ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಲಾರಿ ಓಡಿಸುವವರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ಆದ್ದರಿಂದ ಆ ಪದಕ್ಕೆ ಹೆಚ್ಚು ಅರ್ಥ ಹಚ್ಚಬಾರದು ಎಂದು ಆಗಲೇ ನಿಶ್ಚಯಿಸಿದ್ದೆ.

ಅವರು ಮಾಡುತ್ತಿದ್ದುದಕ್ಕೆ ಕಾಟಾ ಎನ್ನುತ್ತಾರೆ. ಪಂದ್ಯದ ಹಾಗಲ್ಲ, ಇದರಲ್ಲಿ ಏನಾಗುತ್ತದೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತು. ಒಬ್ಬರು ದಾಳಿ ಮಾಡುತ್ತಾರೆ, ಇನ್ನೊಬ್ಬರು ಅದನ್ನು ತಿರುಗಿಸುತ್ತಾರೆ. ಕಾಟಾಗಳಲ್ಲಿ ಹಲವು ಬಗೆಗಳಿವೆ. ಇವರದು ಬಹಳ ನಿಧಾನದ್ದು. ಇದರಲ್ಲಿ ಯಾರನ್ನೂ ಒಗೆಯುವುದಿಲ್ಲ. ಕೆಲವು ಪಟ್ಟುಗಳಲ್ಲಿ ದಾಳಿ ಮಾಡಿದವರನ್ನು ಬೆನ್ನಿನ ಮೇಲೋ ಸೊಂಟದ ಮೇಲೋ ಎತ್ತಿ, ಒಂದು ಉಸಿರಿನಷ್ಟು ಹೊತ್ತು ಹಾಗೇ ಹಿಡಿದು, ಇಳಿಸಿಬಿಡುತ್ತಾರೆ. ದಾಳಿ ಮಾಡುವ ಕೆಲಸ ನನ್ನದು, ಎತ್ತುವ ಕೆಲಸ ಅವರದು. ಅಂದರೆ ಪ್ರತಿ ಸಲವೂ ಸೋಲುವವಳು ನಾನೇ.

"ಈ ಹಾಲಲ್ಲಿ ಕಪ್ಪು ಬೆಲ್ಟು ಕಟ್ಟಿದ ಮೊದಲ ಹೆಂಗಸು ಇವರು," ಎಂದು ತರಗತಿ ನಡೆಸುವಾತ ಹೆಮ್ಮೆಯಿಂದ ಹೇಳಿದ.

‘ಮೊದಲ’ ಎಂಬ ಪದ ಕಿವಿಗೆ ಬಿದ್ದರೆ ನನಗೆ ಸುಮ್ಮನಿರಲಾಗುವುದಿಲ್ಲ. "ಮೊದಲು ಅಂತ ಯಾರು ಎಣಿಸಿದ್ದು?" ಎಂದೆ.

ಆತನ ಮುಖ ಸಪ್ಪಗಾಯಿತು. ಅವರು ಮಾತ್ರ ಬಿದ್ದು ಬಿದ್ದು ನಕ್ಕರು. "ಸರಿಯಾಗಿ ಕೇಳಿದಳು! ಅವತ್ತು ನಾವಿಬ್ರು ಹುಡುಗೀರು. ನನ್ನ ಗೆಳತಿಯ ಸರದಿ ನನ್ನದಾದ ಮೇಲೆ ಬಂತು. ಅವಳು ಮೊದಲು ನಿಂತಿದ್ರೆ ಅವಳೇ ಮೊದಲು. ಅಷ್ಟೇ ಇತಿಹಾಸ."

ಉಳಿದದ್ದನ್ನು ಅವರು ಕಾರಿನ ಹತ್ತಿರ ಹೇಳಿದರು. ಅವರ ಹರೆಯದಲ್ಲಿ ಹೆಂಗಸರಿಗೆ ಜೂಡೋ ಪಂದ್ಯವಾಡಲು ಬಿಡುತ್ತಿರಲಿಲ್ಲ. ಬೇಕಾದರೆ ಈ ನಿಧಾನದ ಕಾಟಾ ಮಾಡಿಕೊಂಡಿರಿ ಎನ್ನುತ್ತಿದ್ದರಂತೆ. ಪಾಸಾದ ಹೆಂಗಸರಿಗೆ ಕೊಡುತ್ತಿದ್ದ ಕಪ್ಪು ಬೆಲ್ಟಿನ ನಡುವೆ ಉದ್ದಕ್ಕೂ ಒಂದು ಬಿಳಿ ಪಟ್ಟೆ. ಗಂಡಸರದ್ದೇ ಬೆಲ್ಟು ಎಂದು ಯಾರೂ ತಪ್ಪು ತಿಳಿಯಬಾರದಲ್ಲ! ಆ ಪಟ್ಟೆಯ ಬೆಲ್ಟು ಈಗಲೂ ಅವರ ಬಳಿ ಇತ್ತು. ಅದರಿಂದ ಕಾರಿನ ಡಿಕ್ಕಿಯನ್ನು ಕಟ್ಟಿದ್ದರು. ಡಿಕ್ಕಿಯ ಬೀಗ ಕೆಟ್ಟಿತ್ತು.

"ಅಂದ್ರೆ ಕೈಗೆ ಗೊಂಬೆ ಕೊಟ್ಟು ಮೂಲೇಲಿ ಕೂರಿಸಿದ್ರು," ಎಂದೆ. "ಆ ಗೊಂಬೇನೇ ಇನ್ನೂ ಹಿಡ್ಕೊಂಡಿದೀರಲ್ಲ, ಯಾಕೆ?"

"ಹೌದು, ಗೊಂಬೆ ಕೊಟ್ರು," ಎಂದರು.

ಇದೊಂದು ತೊಂದರೆ. ಎದುರಾಳಿ ‘ಹೌದು’ ಎಂದುಬಿಟ್ಟರೆ ಮುಂದೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅವರೇ ಮುಂದುವರಿಸಿದರು. "ಪರೀಕ್ಷೆ ಮಾಡಿದ ಗಂಡಸರು ಸಿಗರೇಟು ಸೇದ್ತಾ ಕೂತಿದ್ರು. ನನ್ನ ಗೆಳತಿ, ನಾನು ಎತ್ತೋ ಮೊದಲೇ ನೆಲ ಒದ್ದು ಮೇಲಕ್ಕೆ ಹಾರ್ತಿದ್ದಳು. ನನಗೆ ಸಹಾಯ ಆಗ್ಲಿ ಅಂತ. ಅವಳ ಸರದೀಲಿ ನಾನೂ ಹಾಗೇ ಹಾರಿದೆ. ನೋಡೋಕೆ ಗರಿ ಹಾರಿದ ಹಾಗೆ ಕಾಣ್ತಿತ್ತು. ‘ವೆರಿ ಪ್ರೆಟಿ’ ಅಂದು ಇಬ್ರಿಗೂ ಬೆಲ್ಟು ಕೊಟ್ರು. ಆಮೇಲೆ ಮದುವೆ, ಮಕ್ಕಳು, ಬೇರೆಯವರಿಗೆ ಕಲಿಸೋದು. ಮತ್ತೆ ಪರೀಕ್ಷೆಗೆ ಕೂರಲೇ ಇಲ್ಲ. ಈಗ ಈ ಸೊಂಟ ಹೋಗಿದೆ, ಕೀಲು ಬದಲಾಯಿಸ್ತೀವಿ ಅಂದಿದಾರೆ ಡಾಕ್ಟರು. ಆಮೇಲೆ ಯಾರನ್ನೂ ಎತ್ತೋ ಹಾಗಿಲ್ಲ. ಅದಕ್ಕೆ ಮೊದಲು ಒಂದು ಸಲ, ಪರೀಕ್ಷಕರ ಎದುರಿಗೆ, ಒಬ್ಬರನ್ನ ನಿಜವಾಗಿ ಎತ್ತಬೇಕು. ಇಷ್ಟು ವರ್ಷ ಮೊದಲ ಹೆಂಗಸು ಅನ್ನಿಸ್ಕೊಂಡು ತಿರುಗಿದೀನಿ, ಎತ್ತಿದ್ನೋ ಇಲ್ವೋ ಅನ್ನೋದೇ ಗೊತ್ತಿಲ್ಲ."

"ಅದಕ್ಕೆ ಪರೀಕ್ಷೆ ಯಾಕೆ? ಇಲ್ಲೇ ಯಾರನ್ನಾದ್ರೂ ಎತ್ತಿ ನೋಡ್ಕೊಳ್ಳಿ."

"ಇಲ್ಲಿ ಎಲ್ರೂ ನನ್ನನ್ನ ಇಷ್ಟಪಡ್ತಾರೆ, ಲವ್. ಗೊತ್ತಾಗದ ಹಾಗೆ ಹಾರ್ತಾರೆ. ಚೆನ್ನಾಗಿತ್ತು ಅಂತಾರೆ. ನೀನು ಬಾಗಿಲಲ್ಲಿ ನಿಂತಿದ್ದಾಗ ಮುಖ ನೋಡಿದೆ. ಯಾರನ್ನೂ ಇಷ್ಟಪಡೋ ಥರ ಕಾಣಿಸಲಿಲ್ಲ."

ಇದನ್ನು ಖಂಡಿಸಬಹುದಿತ್ತು. ಆದರೆ ನನ್ನ ಹತ್ತಿರ ಪುರಾವೆ ಇರಲಿಲ್ಲ.

ಹೀಗೆ ಮಂಗಳವಾರ ಮತ್ತು ಶುಕ್ರವಾರದ ಸಂಜೆಗಳು ಅವರಿಗೆ ಸೇರಿದವು. ನನ್ನ ಉಳಿದ ಸಂಜೆಗಳು ಯಾರಿಗೂ ಸೇರಿರಲಿಲ್ಲ ಎಂಬುದು ಗೊತ್ತಾದದ್ದೂ ಆಗಲೇ. ಕ್ಲಾಸು, ಸರ್ವೋ, ರೂಮು. ರೂಮಿನಿಂದ ಅಮ್ಮನಿಗೆ ಫೋನು. ಅಮ್ಮ "ಊಟ ಆಯ್ತಾ" ಎನ್ನುತ್ತಿದ್ದಳು, ನಾನು "ಆಯ್ತು" ಎನ್ನುತ್ತಿದ್ದೆ. ಇಬ್ಬರಿಗೂ ಅದರಾಚೆ ಹೋಗಲು ಧೈರ್ಯವಿರಲಿಲ್ಲ.

ಹಾಸಿನ ಮೇಲೆ ನನಗೆ ಒಂದು ಕೆಟ್ಟ ಅಭ್ಯಾಸ ಕಾಣಿಸಿಕೊಂಡಿತು. ಡಿಬೇಟಿನಲ್ಲಿ ನಮಗೆ ಹೇಳಿಕೊಟ್ಟ ಜಾಣತನ ಒಂದಿದೆ. ಎದುರಾಳಿ ಏನು ಹೇಳುತ್ತಾರೆಂದು ಮೊದಲೇ ಊಹಿಸಿ, ಅವರು ಬಾಯಿ ತೆರೆಯುವ ಮುಂಚೆಯೇ ಉತ್ತರ ಕೊಟ್ಟುಬಿಡುವುದು. ಅವರು ಎದ್ದು ನಿಲ್ಲುವಷ್ಟರಲ್ಲಿ ಅವರಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಇಲ್ಲಿಯೂ ಅದೇ ಆಯಿತು. ನಾನು ಕೈ ಚಾಚುತ್ತಿದ್ದೆ, ಅವರು ತಿರುಗಿ ನನ್ನ ತೋಳು ಹಿಡಿಯುತ್ತಿದ್ದರು, ಮುಂದೆ ಎತ್ತುತ್ತಾರೆ ಎಂದು ಗೊತ್ತಿತ್ತಲ್ಲ, ಅವರ ಬೆನ್ನು ಬಾಗುವ ಮೊದಲೇ ನನ್ನ ಹಿಮ್ಮಡಿ ಎದ್ದಿರುತ್ತಿತ್ತು.

"ನೀನು ನನಗಿಂತ ಮೊದಲೇ ಸೋಲ್ತೀಯ," ಎಂದು ಅವರು ಗದರುತ್ತಿದ್ದರು. "ನಾನು ಸೋಲಿಸೋ ತನಕ ಇರು!"

"ಹೇಗಿದ್ರೂ ಎತ್ತೋದು ನೀವೇ ತಾನೇ?"

"ಎತ್ತಲ್ಲ ಅಂತ ಅಂದ್ಕೊಂಡು ನಿಲ್ಲು. ಹಾಗೆ ನಿಂತವಳನ್ನ ಎತ್ತಿದ್ರೆ ಮಾತ್ರ ಲೆಕ್ಕ."

ಚಳಿ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ಅದು ತಾನಾಗಿ ಆಗಿಬಿಟ್ಟಿತು. ಸರ್ವೋದಲ್ಲಿ ನಿಂತು ನಿಂತು ದಣಿದಿದ್ದೆ, ಊಹಿಸುವ ಶಕ್ತಿ ಉಳಿದಿರಲಿಲ್ಲ. ಅವರು ಬಾಗಿದರು. ನನ್ನ ಪಾದ ನೆಲ ಬಿಟ್ಟಿತು. ನಾನು ಬಿಟ್ಟದ್ದಲ್ಲ, ಅದೇ ಬಿಟ್ಟಿತು. ಕೆನ್ನೆಗೆ ಅವರ ಹೆಗಲಿನ ಒರಟು ಬಟ್ಟೆ ತಾಗಿತು, ನೋವಿನ ಎಣ್ಣೆಯ ನೀಲಗಿರಿ ವಾಸನೆ ಬಂತು. ಒಂದು ಉಸಿರಿನಷ್ಟು ಹೊತ್ತು ನನ್ನ ಜವಾಬ್ದಾರಿ ನನ್ನ ಮೇಲೆ ಇರಲಿಲ್ಲ. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಅಮ್ಮ ತಬ್ಬಿಕೊಂಡ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ಆಗ ತಲೆಗೆ ಬಂತು. ಕೈ ಕುಲುಕಿದ್ದನ್ನು ಬಿಟ್ಟು ಹೇಳುತ್ತಿದ್ದೇನೆ. ಕೆಳಗಿಳಿಸಿದ ಮೇಲೆ ಅವರು ತಿರುಗಿ ನೋಡಿ, "ಹಾಂ, ಈಗ ಬಂದೆ," ಎಂದರಷ್ಟೆ.

ಓದು ಮುಗಿಯಿತು. ಅಡಿಲೇಡಿನಲ್ಲಿ ಕೆಲಸ ಸಿಗಲಿಲ್ಲ, ಬ್ರಿಸ್ಬೇನಿನಲ್ಲಿ ಸಿಕ್ಕಿತು. ಪರೀಕ್ಷೆ ಮುಂದಿನ ಚಳಿಗಾಲಕ್ಕಿತ್ತು. ಹೋಗಬೇಕೋ ಬೇಡವೋ ಎಂದು ಎರಡೂ ಪಕ್ಷಗಳನ್ನು ನಾನೇ ವಾದಿಸಿ, ಎರಡರಲ್ಲೂ ಗೆದ್ದು, ಕೊನೆಗೆ ಅವರ ಎದುರು ಹೋಗಿ ನಿಂತೆ.

"ಹೋಗು," ಎಂದರು. "ಕೆಲಸ ಇಲ್ದಿದ್ರೆ ವೀಸಾನ ನಾನು ಕೊಡ್ತೀನಾ? ಪರೀಕ್ಷೆ ದಿನ ಬಾ, ಸಾಕು. ಅಲ್ಲೀತನಕ ಫೋನಲ್ಲಿ ಮಾಡೋಣ."

ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಫ್ಲ್ಯಾಟಿನಲ್ಲಿ ರೂಮು ಸಿಕ್ಕಿತು. ಫ್ಲ್ಯಾಟಿನ ಇನ್ನೊಬ್ಬಳು ಆಸ್ಪತ್ರೆಯ ರಾತ್ರಿ ಪಾಳಿಯವಳು. ನಾವು ಒಬ್ಬರನ್ನೊಬ್ಬರು ಬಲ್ಲದ್ದು ಫ್ರಿಜ್ಜಿನ ಮೂಲಕ: ಅವಳ ಮೊಸರು ಮುಗಿದಿದೆ, ಅಂದರೆ ಅವಳಿದ್ದಾಳೆ. ಭಾನುವಾರ ಬೆಳಗ್ಗೆ ಬೀದಿಯಲ್ಲಿ ಹಿಂದಿನ ರಾತ್ರಿಯ ಗದ್ದಲವನ್ನು ಪೈಪಿನ ನೀರು ಹೊಡೆದು ತೊಳೆಯುತ್ತಿದ್ದರು. ಆ ಸದ್ದಿಗೆ ಎದ್ದು, ಸೋಫಾ ಸರಿಸಿ, ಫೋನನ್ನು ಕುಕ್ಕರಿಗೆ ಒರಗಿಸಿ ಇಡುತ್ತಿದ್ದೆ. ಅಡಿಲೇಡಿಗೂ ಬ್ರಿಸ್ಬೇನಿಗೂ ಅರ್ಧ ಗಂಟೆಯ ವ್ಯತ್ಯಾಸ. ಯಾರು ಹಿಂದೆ, ಯಾರು ಮುಂದೆ ಎಂಬುದು ಬೇಸಿಗೆಗೊಂದು, ಚಳಿಗೊಂದು. ನಮ್ಮಲ್ಲಿ ಯಾರಾದರೊಬ್ಬರು ಯಾವಾಗಲೂ ಅರ್ಧ ಗಂಟೆ ಕಾಯುತ್ತಿದ್ದೆವು.

ಅವರು ಅಲ್ಲಿ ತಮ್ಮ ಹಜಾರದಲ್ಲಿ ಗಾಳಿಯನ್ನು ಎತ್ತುತ್ತಿದ್ದರು. ನಾನು ಇಲ್ಲಿ ಗಾಳಿಯ ಮೇಲೆ ಏರುತ್ತಿದ್ದೆ. ಎತ್ತುವವರು ಇಲ್ಲದಾಗ ಏರುವುದು ಹೇಗೆ? ತುದಿಗಾಲಿನಲ್ಲಿ ನಿಂತು, ಮುಂದಕ್ಕೆ ಬಾಗಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಉಸಿರು ಹಿಡಿದು, ನಿಧಾನವಾಗಿ ಇಳಿಯುವುದು. ವಾರವಾರವೂ ಅದು ಉತ್ತಮವಾಯಿತು.

"ಚೆನ್ನಾಗಿದೆ," ಎಂದು ಪರದೆಯಲ್ಲಿ ಹೇಳುತ್ತಿದ್ದರು. "ನಿಮ್ದೂ ಚೆನ್ನಾಗಿದೆ," ಎಂದು ನಾನು ಹೇಳುತ್ತಿದ್ದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಅಮ್ಮನ ಒತ್ತಾಯಕ್ಕೆ ಒಂದು ಸಲ ಕನ್ನಡದವರ ಬಾರ್ಬಿಗೆ, ಅಂದರೆ ಬಾರ್ಬೆಕ್ಯೂ ಕೂಟಕ್ಕೆ, ಹೋದೆ. ಪಾರ್ಕಿನಲ್ಲಿ ಕಾವಲಿಯ ಮೇಲೆ ಜೋಳ, ಪನ್ನೀರು, ಕ್ಯಾಪ್ಸಿಕಮ್ಮು ಬೇಯುತ್ತಿತ್ತು. ಭಾನುವಾರ ಏನು ಮಾಡ್ತೀಯಮ್ಮಾ ಎಂದು ಒಬ್ಬ ಅಂಕಲ್ ಕೇಳಿದರು. ಜೂಡೋ ಎಂದೆ.

"ಅದೂ ನಮ್ದೇ," ಎಂದರು ಅಂಕಲ್. "ಬೌದ್ಧ ಭಿಕ್ಷುಗಳ ಜೊತೆ ಇಲ್ಲಿಂದ ಹೋಗಿದ್ದು. ಚೈನಾಗೆ, ಅಲ್ಲಿಂದ ಜಪಾನಿಗೆ."

"ಆಧಾರ ಏನು ಅಂಕಲ್?"

"ಎಲ್ರಿಗೂ ಗೊತ್ತಿರೋ ವಿಷ್ಯ."

"ಎಲ್ರಿಗೂ ಗೊತ್ತಿದ್ರೆ ಯಾರಾದ್ರೂ ಒಬ್ರು ಆಧಾರ ಕೊಡಬಹುದಲ್ವಾ? ಭಿಕ್ಷುಗಳು ಬೆಲ್ಟು ಕಟ್ಕೊಂಡು ಹೋದ್ರಾ, ಬಿಚ್ಕೊಂಡು ಹೋದ್ರಾ?"

"ಎಲ್ಲದಕ್ಕೂ ಆಧಾರ ಕೇಳಿದ್ರೆ ಮನುಷ್ಯ ಬದುಕೋದು ಹೇಗಮ್ಮಾ? ತಗೋ, ಜೋಳ ತಿನ್ನು."

ಯಾರೋ ನಕ್ಕರು. ಅಂಕಲ್ ನಗಲಿಲ್ಲ. ವಾದ ನನ್ನದಾಯಿತು, ಮುಂದಿನ ಬಾರ್ಬಿಗೆ ಕರೆ ಬರಲಿಲ್ಲ. ಜೋಳ ಮಾತ್ರ ಚೆನ್ನಾಗಿತ್ತು, ಉಪ್ಪುಖಾರ ಹಚ್ಚಿ ನಿಂಬೆಹಣ್ಣು ಉಜ್ಜಿದ್ದರು.

ಅಷ್ಟರಲ್ಲಿ ಆಫೀಸಿನವರು ಗಣಿ ಕಂಪನಿಯೊಂದರ ಕೆಲಸಕ್ಕೆಂದು ನನ್ನನ್ನು ಪಶ್ಚಿಮ ತುದಿಯ ಪರ್ತ್ ನಗರಕ್ಕೆ ಕಳಿಸಿದರು. ನಕಾಶೆಯಲ್ಲಿ ನೋಡಿದರೆ ದೇಶದ ಈ ಅಂಚಿನಿಂದ ಆ ಅಂಚಿಗೆ, ನಡುವೆ ಅಡಿಲೇಡನ್ನು ದಾಟಿಕೊಂಡು. ವಿಮಾನ ಅಲ್ಲೇ ಎಲ್ಲೋ ಅವರ ಮನೆಯ ಮೇಲೆ ಹಾಯುತ್ತಿರಬೇಕು ಎಂದುಕೊಂಡೆ. ಅದಕ್ಕೂ ನನ್ನ ಬಳಿ ಆಧಾರವಿರಲಿಲ್ಲ.

ಪರ್ತಿನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಒಂದು ಕನ್ನಡ ಸಂಸಾರ ತಮ್ಮ ಮನೆಯ ಮುಂದಿನ ಕೋಣೆಯನ್ನು ನನಗೆ ಕೊಟ್ಟಿತು. ಬೀದಿಯುದ್ದಕ್ಕೂ ಒಂದೇ ಬಣ್ಣದ ಹೊಸ ಮನೆಗಳು. ಮೊದಲ ವಾರ ಎರಡು ಸಲ ಪಕ್ಕದ ಮನೆಯ ಬಾಗಿಲಿಗೆ ಕೀಲಿ ಹಾಕಿದ್ದೆ. ಮನೆಯ ಆಂಟಿ ಮೈಸೂರಿನವರೇ, ಮಗಳಿಗೆ ಆರು ವರ್ಷ. ಒಂದು ಬೆಳಗ್ಗೆ ನಾನು ಗ್ಯಾರೇಜಿನಲ್ಲಿ ಒಂಟಿಕಾಲಿನಲ್ಲಿ ಬಾಗಿ ನಿಂತಿದ್ದಾಗ ತಾಯಿ ಮಗಳು ಇಬ್ಬರೂ ಬಂದರು.

"ಶೀ ಈಸ್ ಡಾನ್ಸಿಂಗ್ ವಿತ್ ನೋಬಡಿ," ಎಂದಿತು ಮಗು.

"ಏಯ್, ಸುಮ್ನಿರೇ," ಎಂದರು ಆಂಟಿ. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ ಇದು, ಯೋಗಾನಾ?"

"ಜೂಡೋ ಆಂಟಿ."

"ಅದಕ್ಕೆ ಇಬ್ರು ಬೇಡ್ವಾ? ನಮ್ಮಣ್ಣ ಸ್ಕೂಲಲ್ಲಿ ಮಾಡ್ತಿದ್ದ, ದಿನಾ ಯಾರನ್ನಾದ್ರೂ ಕೆಡವಿಕೊಂಡು ಬರ್ತಿದ್ದ."

"ಇನ್ನೊಬ್ರು ಫೋನಲ್ಲಿದಾರೆ."

ಆಂಟಿ ಬಗ್ಗಿ ಪರದೆ ನೋಡಿದರು. ಅಡಿಲೇಡಿನಲ್ಲಿ ಅವರು ಗಾಳಿಯನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದರು. ಆಂಟಿ ಕೈಬೀಸಿ, "ಹಲೋ ಆಂಟಿ!" ಎಂದರು.

"ಅಯ್ಯೋ ದೇವರೇ," ಎಂದರು ಅವರು, ಹೊತ್ತಿದ್ದನ್ನು ಇಳಿಸಿ. "ಇನ್ನೊಬ್ಬಳು ಅಣ್ಣನ ಮಗಳು!"

ಆ ಮನೆಯಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ಬಿಸಿಬೇಳೆ ಬಾತ್ ಮಾಡಿದ ದಿನ ಡಬ್ಬಿಯಲ್ಲಿ ಹಾಕಿ ನನ್ನ ಕೋಣೆಯ ಬಾಗಿಲಲ್ಲಿ ಇಡುತ್ತಿದ್ದರು. ಸಂಜೆ ಅವರು ಮೂವರೂ ಟೀವಿಯ ಮುಂದೆ ಒಬ್ಬರ ಮೇಲೊಬ್ಬರು ಒರಗಿ ಕೂತಿರುತ್ತಿದ್ದರು. ಮಗು ಅಪ್ಪನ ಹೊಟ್ಟೆಯ ಮೇಲೆ ಕಾಲು ಹಾಕಿರುತ್ತಿತ್ತು. ‘ಬಾ ಕೂತ್ಕೋ’ ಎನ್ನುತ್ತಿದ್ದರು. ಎದುರಿನ ಒಂಟಿ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು, ಕೆಲಸವಿದೆ ಎಂದು ಎದ್ದು ಬರುತ್ತಿದ್ದೆ. ಇರದ ಕೆಲಸ.

ಪರೀಕ್ಷೆಯ ಹಿಂದಿನ ಸಂಜೆ ಅಡಿಲೇಡಿಗೆ ಹೋಗಿ ಇಳಿದೆ. ಬೆಳಗ್ಗೆ ಹಾಲಿನ ಹಿಂದಿನ ಕೋಣೆಯಲ್ಲಿ ಅವರು ಕಾಯುತ್ತಿದ್ದರು. ಮೊದಲಿಗಿಂತ ತೆಳ್ಳಗಾಗಿದ್ದರು, ಎಡಗಾಲನ್ನು ಎಳೆಯುತ್ತಿದ್ದರು. ಕುಶಲ ವಿಚಾರಿಸುವ ಗೋಜಿಗೆ ಹೋಗದೆ, "ಬಾ, ಒಂದು ಸಲ ನೋಡಿಬಿಡೋಣ," ಎಂದರು.

ಕೈ ಚಾಚಿದೆ. ತಿರುಗಿ ತೋಳು ಹಿಡಿದರು, ಬಾಗಿದರು. ನಾನು ಮೇಲೇರಿದೆ, ಕಾಲು ಚಾಚಿದೆ, ಉಸಿರು ಹಿಡಿದೆ, ಇಳಿದೆ. ಎಲ್ಲಿಯೂ ತಪ್ಪಲಿಲ್ಲ. ಅವರು ತಿರುಗಿ ನನ್ನನ್ನು ನೋಡಿದರು.

"ನೀನು ಇರಲಿಲ್ಲ ಅಲ್ಲಿ."

ಮತ್ತೆ ಮಾಡಿದೆವು. ಮತ್ತೆ ಅದೇ. ಇನ್ನೊಮ್ಮೆ ಮಾಡುವಾಗ ನನ್ನ ಕಾಲಿನ ಮೇಲೆ ನಾನೇ ಕಣ್ಣಿಟ್ಟೆ. ಅವರ ಬೆನ್ನು ಬಾಗುವ ಮುಂಚೆಯೇ ಅದು ನೆಲವನ್ನು ಒದೆಯುತ್ತಿತ್ತು. ಇಷ್ಟು ತಿಂಗಳು ಎತ್ತುವವರಿಲ್ಲದೆ ಏರಿ ಏರಿ, ಎತ್ತುವವರೇ ಬೇಡವಾಗುವ ಹಾಗೆ ಕಲಿತುಬಿಟ್ಟಿತ್ತು. ಕುಕ್ಕರಿನ ಎದುರು ನಾವಿಬ್ಬರೂ ಒಬ್ಬರಿಗೊಬ್ಬರು ‘ಚೆನ್ನಾಗಿದೆ’ ಎಂದು ಮೆಚ್ಚಿಕೊಂಡದ್ದು ಇದನ್ನೇ.

"ನನ್ನದೂ ಅದೇ ಕಥೆ," ಎಂದರು ಅವರು ಬೆಂಚಿನ ಮೇಲೆ ಕೂತು. "ಗಾಳಿ ಎತ್ತಿ ಎತ್ತಿ, ಮನುಷ್ಯರೂ ಅಷ್ಟೇ ಹಗುರ ಅಂದ್ಕೊಂಡಿದೀನಿ."

ತರಗತಿ ನಡೆಸುವಾತ ಬಾಗಿಲಲ್ಲಿ ನಿಂತು ನೋಡಿದ್ದ. ಬೇಕಾದರೆ ತಾನು ನಿಲ್ಲುತ್ತೇನೆ ಎಂದ. ಅವನ ಅಗಲ ನೋಡಿ ಅವರು ನಕ್ಕುಬಿಟ್ಟರು. ಅವನು ಹೋದ ಮೇಲೆ ನಾನು ನನಗೆ ತೋಚಿದ ವಾದವನ್ನು ಮುಂದಿಟ್ಟೆ.

"ನೋಡಿ, ಹಾರಿದ್ದು ಹೊರಗಿನವರಿಗೆ ಗೊತ್ತಾಗಲ್ಲ. ನೋಡೋಕೆ ಚೆನ್ನಾಗೇ ಇರುತ್ತೆ. ನಿಮ್ಮ ಸೊಂಟಕ್ಕೂ ನೋವಾಗಲ್ಲ. ಖಂಡಿತ ಪಾಸ್ ಮಾಡ್ತಾರೆ."

"ಹಾಗೆ ಒಂದು ಸಲ ಪಾಸಾಗಿದೀನಲ್ಲ, ಲವ್."

"ಮತ್ತೇನು ಮಾಡೋದು?"

"ಅಲ್ಲೇ ನೋಡೋಣ," ಎಂದು ಎದ್ದರು.

ಪರೀಕ್ಷಕರು ಮೂವರು. ಬೇರೆ ರಾಜ್ಯದವರು, ತಮ್ಮನ್ನು ಅರಿಯದವರೇ ಆಗಬೇಕೆಂದು ಅವರು ಕೇಳಿಕೊಂಡಿದ್ದರಂತೆ. ನಡುವೆ ಕೂತವಳು ನನ್ನ ಅಮ್ಮನಿಗಿಂತ ಚಿಕ್ಕವಳು. ವರ್ಷಗಟ್ಟಲೆ ಪಂದ್ಯಗಳಲ್ಲಿ ಹಾಸಿನ ಮೇಲೆ ಉಜ್ಜಿ ಮುದುಡಿದ ಕಿವಿ. ಇವರಿಗೆ ಆಡಲು ಬಿಡದ ಪಂದ್ಯಗಳನ್ನು ಬೇಕಾದಷ್ಟು ಆಡಿದ ಹೆಂಗಸು. ಸಿಗರೇಟಿಲ್ಲ, ನಗುವೂ ಇಲ್ಲ. ನಾವು ನಮಸ್ಕರಿಸಿ ಎದುರುಬದುರು ನಿಂತೆವು.

ಮೊದಲ ಪಟ್ಟುಗಳಲ್ಲಿ ಎತ್ತುವುದಿರಲಿಲ್ಲ, ಸರಾಗವಾಗಿ ಸಾಗಿದವು. ಆಮೇಲೆ ಅದು ಬಂತು. ಕೈ ಚಾಚಿದೆ. ಅವರು ತಿರುಗಿ ನನ್ನ ತೋಳು ಹಿಡಿದು, ಬೆನ್ನನ್ನು ನನ್ನ ಎದೆಗೆ ತಂದು, ಬಾಗಿದರು. ನನ್ನ ಹಿಮ್ಮಡಿ ಎದ್ದಿತು.

ಅವರು ನಿಂತುಬಿಟ್ಟರು.

ಬಾಗಿದ ಹಾಗೆಯೇ ನಿಂತರು. ಎತ್ತಲಿಲ್ಲ. ನಾನು ತುದಿಗಾಲಿನಲ್ಲಿ, ಅವರ ಬೆನ್ನಿಗೆ ತಾಗಿಯೂ ತಾಗದ ಹಾಗೆ, ನನ್ನ ಭಾರವನ್ನೆಲ್ಲ ನಾನೇ ಹೊತ್ತುಕೊಂಡಿದ್ದೆ. ಹಾಲಿನಲ್ಲಿ ಯಾರೋ ಕೆಮ್ಮಿದರು. ಪರೀಕ್ಷಕರಲ್ಲೊಬ್ಬರ ಪೆನ್ನು ಓಡಿತು. ನನಗೆ ಗಾಬರಿಯಾಯಿತು. ಎತ್ತಿ, ಎತ್ತಿಬಿಡಿ, ಅಂಕ ಹೋಗುತ್ತಿದೆ ಎಂದು ಒಳಗೇ ಕೂಗಿದೆ. ಹಾರಿಬಿಡಲೇ? ಹಾರಿದರೆ ಅವರು ಎತ್ತಿದ ಹಾಗೆಯೇ ಕಾಣುತ್ತದೆ, ಈ ನಿಲುಗಡೆಯನ್ನು ಜನ ಮರೆತಾರು. ಅವರ ಎಡಗಾಲು ನಡುಗುತ್ತಿರುವುದು ನನ್ನ ಮೊಣಕಾಲಿಗೆ ತಿಳಿಯುತ್ತಿತ್ತು. ಅಷ್ಟು ನೋವಿನಲ್ಲಿ ಅವರು ಕಾಯುತ್ತಿದ್ದದ್ದು ನನಗಾಗಿ. ನಾನೇ ಬೇಕು ಎಂದು ಆ ದೇಶದಲ್ಲಿ ಬೇರೆ ಯಾರೂ ನನಗಾಗಿ ಹೀಗೆ ಕಾದಿರಲಿಲ್ಲ.

ಹಿಮ್ಮಡಿಯನ್ನು ನೆಲಕ್ಕೆ ತಂದೆ. ಆಮೇಲೆ ಕಾಲುಗಳ ಬಿಗಿ ಬಿಟ್ಟೆ, ಹೊಟ್ಟೆಯ ಬಿಗಿ ಬಿಟ್ಟೆ, ತಲೆಯನ್ನು ಅವರ ಹೆಗಲಿಗೆ ಇಳಿಸಿದೆ. ಇವರಿಂದ ಆಗುವುದಿಲ್ಲ, ಇಬ್ಬರೂ ಈಗ ಮುಗ್ಗರಿಸುತ್ತೇವೆ ಎಂದು ನಿಜವಾಗಿಯೂ ಅನ್ನಿಸಿತು.

ಅವರು ಎತ್ತಿದರು.

ಗರಿ ಹಾರಿದ ಹಾಗಲ್ಲ. ಅಕ್ಕಿಮೂಟೆ ಎತ್ತಿದ ಹಾಗೆ, ಗಂಟಲಿನಲ್ಲಿ ಒಂದು ಸಣ್ಣ ಸದ್ದು ಹೊರಟು, ಇಡೀ ಮೈ ನಡುಗುತ್ತಾ. ನನ್ನ ಎರಡೂ ಪಾದಗಳು ನೆಲದಿಂದ ಮೇಲಿದ್ದವು. ಹಿಡಿದುಕೊಂಡರು. ಇಳಿಸಿದರು. ಮುಂದಿನ ಪಟ್ಟಿಗೆ ಎದುರಾದಾಗ ಅವರ ಮುಖ ಕೆಂಪಾಗಿತ್ತು. ಅದಾದ ಮೇಲೆ ಪ್ರತಿ ಸಲವೂ ಎತ್ತಿದರು. ಕೊನೆಯ ಸಲ ಇಳಿಸುವಾಗ ಸೊಂಟ ಕೈಕೊಟ್ಟು ಒಂದು ಹೆಜ್ಜೆ ತಪ್ಪಿದರು, ಬೀಳಲಿಲ್ಲ.

ಫಲಿತಾಂಶ ಹೇಳಿದವಳು ನಡುವಿನವಳೇ. "ಈ ಸಲ ಪಾಸ್ ಮಾಡೋಕಾಗ್ತಿಲ್ಲ. ಮಧ್ಯದಲ್ಲಿ ಲಯ ಕಡಿದುಹೋಯ್ತು. ಕೊನೇಲಿ ಸಮತೋಲ ತಪ್ತು. ಅಭ್ಯಾಸ ಮಾಡಿ ಮುಂದಿನ ಸಲ ಬನ್ನಿ."

ಮುಂದಿನ ಸಲ ಎಂಬುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಬಾಯಲ್ಲಿ ವಾದ ಸಿದ್ಧವಾಗಿತ್ತು: ಕಾಟಾದ ಉದ್ದೇಶ, ಲಯದ ಅರ್ಥ, ವಯಸ್ಸು, ಸೊಂಟ. "ಒಂದು ನಿಮಿಷ," ಎಂದು ಕೈ ಎತ್ತಿದೆ. ಅವರು ಎತ್ತಿದ ಕೈಯನ್ನು ಹಿಡಿದು ಕೆಳಗಿಳಿಸಿದರು.

"ಸುಮ್ನಿರು." ಆಮೇಲೆ ಅವಳನ್ನು ಕೇಳಿದರು: "ಎತ್ತಿದ್ದು ಹೇಗಿತ್ತು?"

"ಎತ್ತಿದ್ರಲ್ಲ. ಅವಳ ಪೂರ್ತಿ ಭಾರ ನಿಮ್ಮ ಮೇಲಿತ್ತು," ಎಂದಳು ಅವಳು ಕಾಗದದಿಂದ ತಲೆಯೆತ್ತದೆ. "ಅದಕ್ಕೇ ಕಾಲು ನಡುಗಿದ್ದು. ಕಾಲಿಗೆ ಬಲ ಬರ್ಬೇಕು."

"ಥ್ಯಾಂಕ್ ಯೂ," ಎಂದರು ಅವರು, ಬಹುಮಾನ ತೆಗೆದುಕೊಂಡವರ ಹಾಗೆ.

ಹೊರಗೆ ಪಾರ್ಕಿಂಗ್ ಜಾಗದಲ್ಲಿ ಗೋಡೆ ಹಿಡಿದು ನಿಂತು ನಗಲು ಶುರುಮಾಡಿದರು. "ಕೇಳಿದ್ಯಾ? ಫೇಲು! ಕೊನೆಗೂ ಒಬ್ಬಳು ನನ್ನನ್ನ ಫೇಲ್ ಮಾಡಿದಳು!" ನಗುತ್ತಾ ಕಣ್ಣು ಒರೆಸಿಕೊಂಡರು. ನನಗೆ ನಗು ಬರಲಿಲ್ಲ. ಮೇಲ್ಮನವಿ ಹಾಕಬಹುದು, ನಾನು ಬರೆದುಕೊಡುತ್ತೇನೆ ಎಂದೆ. "ಅವಳು ಹೇಳಿದ್ದರಲ್ಲಿ ಯಾವುದು ಸುಳ್ಳು, ಹೇಳು ನೋಡೋಣ," ಎಂದರು.

ಅವರ ಮಗಳು ಕಾರು ತಂದಳು. ಆ ವಾರವೇ ಆಸ್ಪತ್ರೆಗೆ ಸೇರಬೇಕಿತ್ತು. ಸೀಟಿನಲ್ಲಿ ಕೂರಲು ನಾನು ತೋಳು ಕೊಟ್ಟೆ. "ಪರ್ತಲ್ಲಿ ನಿನಗೆ ಚೆನ್ನಾಗೇ ಊಟ ಹಾಕ್ತಿದಾರೆ. ಹೇಳಿದ್ದಕ್ಕಿಂತ ಜಾಸ್ತಿ ತೂಗ್ತೀಯ," ಎಂದರು. ಕಿಟಕಿಯ ಗಾಜು ಏರಿತು. ಕಾರು ತಿರುವಿನಲ್ಲಿ ಮರೆಯಾಯಿತು. ನನ್ನ ವಿಮಾನ ಸಂಜೆಗಿತ್ತು, ಆ ಊರಿನಲ್ಲಿ ಹೋಗಿ ನೋಡಬೇಕಾದವರು ಇನ್ನು ಯಾರೂ ಇರಲಿಲ್ಲ.

ಒಳಗೆ ಹಾಸುಗಳನ್ನು ಎತ್ತಿಡುತ್ತಿದ್ದರು. ನಾನೂ ಹೋಗಿ ಒಂದರ ತುದಿ ಹಿಡಿದೆ. ಇನ್ನೊಂದು ತುದಿಯಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳು, ಆ ದಿನ ಪಾಸಾದವಳು.

"ನೀನು ಯಾವ ಕ್ಲಬ್ಬಿನವಳು?" ಎಂದು ಕೇಳಿದಳು.

ಇಲ್ಲಿಂದ ಹೋಗಿ ಎಷ್ಟೋ ಕಾಲವಾಗಿತ್ತು. ಬ್ರಿಸ್ಬೇನಿನಲ್ಲಿ ಸೇರಿರಲಿಲ್ಲ, ಪರ್ತಿನಲ್ಲಿ ಹುಡುಕಿರಲಿಲ್ಲ.

"ಯಾವುದೂ ಇಲ್ಲ. ಒಬ್ಬರ ಜೊತೆ ಬಂದಿದ್ದೆ."

"ಯಾರು? ವಯಸ್ಸಾದವರು, ಮಧ್ಯದಲ್ಲಿ ನಿಂತ್ಬಿಟ್ರಲ್ಲ, ಅವರಾ? ಫೇಲಾದ್ರಲ್ಲ?"

"ಹೌದು," ಎಂದೆ. "ಫೇಲಾದವರೇ. ಎತ್ತಿದ್ದು ನನ್ನನ್ನ."